ಕೀಲಿ ಯಾರ ಕೈಯಲ್ಲಿತ್ತು? ಕಾರ್‌ಜಾಕಿಂಗ್ ಎಣಿಸಿದ ನನ್ನ ಅನುಭವ

ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಕಾರ್‌ಜಾಕಿಂಗನ್ನು, ಅಂದರೆ ಚಾಲಕನಿಂದ ಬಲವಂತವಾಗಿ ಗಾಡಿ ಕಿತ್ತುಕೊಳ್ಳುವುದನ್ನು, ಬೇರೆಯಾಗಿ ಎಣಿಸುವುದು ಆಗದ ಮಾತೆಂದು ಮಡಿಕೇರಿಯ ವಕೀಲ ಮಿತ್ರರು ನಕ್ಕಿದ್ದರು. ಈಗ ಅವರೇ ನನ್ನ ಪಟ್ಟಿಯನ್ನು ಕೇಳಿ ಪಡೆಯುತ್ತಾರೆ.

ಮೊದಲ ವರ್ಷದ ದುಡಿಮೆ ಪೂರ್ತಿ ದಂಡವಾಯಿತು. ವಾಹನ ಕಳವಿನ ಪ್ರಕರಣಗಳನ್ನೆಲ್ಲ ಗುಡ್ಡೆ ಹಾಕಿದರೆ ಬಹುಪಾಲು ಅಂಗಳದಿಂದ ರಾತ್ರೋರಾತ್ರಿ ಮಾಯವಾದ ಬೈಕುಗಳೇ ಇದ್ದವು. ಸುಲಿಗೆಗೆ ಶಿಕ್ಷೆ ಹೇಳುವ, ಹಳೆಯ ದಂಡ ಸಂಹಿತೆಯ (ಐಪಿಸಿ) 392ನೇ ಕಲಮನ್ನು ಹಿಡಿದರೆ ಸರ, ಮೊಬೈಲು ಕಿತ್ತವರೆಲ್ಲ ಬಂದು ಸೇರಿದರು. ಮಾಹಿತಿ ಹಕ್ಕಿನಲ್ಲಿ ಕೇಳೋಣವೆಂದರೆ ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಶುಲ್ಕ 10 ರೂಪಾಯಿಯೇ ಆದರೂ ಪುಟಕ್ಕೆ 2 ರೂಪಾಯಿ, ಅಂಚೆ, ವಿರಾಜಪೇಟೆಗೂ ಕುಶಾಲನಗರಕ್ಕೂ ಅಲೆದಾಟ ಎಲ್ಲ ಸೇರಿ 18 ಸಾವಿರದಷ್ಟು ಕರಗಿತು. ಒಂದು ಕಚೇರಿಯಂತೂ ಕಾರ್‌ಜಾಕಿಂಗ್ ಎಂಬ ಶೀರ್ಷಿಕೆಯೇ ಇಲ್ಲವೆಂದು ಒಂದೇ ಸಾಲು ಬರೆದು ಕಳಿಸಿತು.

ಅದು ಸುಳ್ಳೇನಲ್ಲ. ಮೇಲಾಗಿ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಒಂದು ಎಫ್‌ಐಆರ್‌ನಲ್ಲಿ ಅತಿ ಘೋರವಾದ ಅಪರಾಧವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ, ಚಾಲಕನನ್ನು ಕೊಂದು ಕಾರು ಒಯ್ದರೆ ಅದು ಕೊಲೆಯ ಕಾಲಮಿಗೆ ಹೋಗುತ್ತದೆ.

ಕೊನೆಗೆ ಕಲಮುಗಳನ್ನು ಬದಿಗಿಟ್ಟು ದೂರಿನ ಒಕ್ಕಣೆಯನ್ನೇ ಓದತೊಡಗಿದೆ: ಗಾಡಿ ಕೈತಪ್ಪಿದಾಗ ಕೀಲಿ ಯಾರ ಬಳಿ ಇತ್ತು, ಬಲಪ್ರಯೋಗವಾಯಿತೇ? ಮೆಣಸಿನ ಚೀಲ ಹೇರಿದ ಪಿಕಪ್ಪಿನ ಚಾಲಕ ಎಂಜಿನ್ ಆರಿಸದೆ ಇಳಿದು ಮರೆಗೆ ಹೋದಾಗ ಯಾರೋ ಗಾಡಿ ಓಡಿಸಿಕೊಂಡು ಹೋದರೆ ಅದು ಕಳವು. ಅವನು ಓಡಿಬಂದು ಬಾಗಿಲಿಗೆ ಜೋತುಬಿದ್ದಾಗ ಕತ್ತಿ ತೋರಿಸಿ ಕೆಡವಿದರೆ ಅದೇ ಘಟನೆ ಸುಲಿಗೆ. 2024ರ ಜುಲೈ 1ರಿಂದ ಇದು ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 309ನೇ ಕಲಮು. ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಹೆದ್ದಾರಿಯಲ್ಲಿ ನಡೆದರೆ ಶಿಕ್ಷೆ 10ರ ಬದಲು 14 ವರ್ಷದವರೆಗೂ ಏರುವುದರಿಂದ ಗಂಟೆಯನ್ನೂ ಗುರುತು ಹಾಕಿಕೊಂಡೆ. ಅಪಹರಣದ ಕಡತಗಳಲ್ಲಿ ಅಡಗಿರುವವನ್ನು ಹೆಕ್ಕಲು ನಾಲ್ಕು ಪದಗಳನ್ನು ಹುಡುಕುತ್ತೇನೆ. ಅವು ಯಾವುವೆಂದು ಇಲ್ಲಿ ಹೇಳಲಾರೆ.

ನಡುವೆ ಜನಸಂಖ್ಯೆಯಿಂದ ಭಾಗಿಸುವ ಚಪಲವೂ ಹತ್ತಿತ್ತು. 2011ರ ಗಣತಿಯ ಐದೂವರೆ ಲಕ್ಷಕ್ಕೆ ಒಂದೇ ಪ್ರಕರಣ ಹೆಚ್ಚಾದರೂ ಲಕ್ಷಕ್ಕೆ 0.18ರಷ್ಟು ದರ ಜಿಗಿಯುತ್ತದೆ, ಪ್ರವಾಸಿಗರ ಗಾಡಿಗಳು ಛೇದದೊಳಗೆ ಬರುವುದೇ ಇಲ್ಲ. ಹಾಗಾಗಿ ಅದನ್ನು ಕೈಬಿಟ್ಟೆ.

ಗೋಣಿಕೊಪ್ಪದಲ್ಲಿ ಸುಮಾರು 40 ಚಾಲಕರನ್ನು ಮಾತನಾಡಿಸಿದಾಗ, ಕಿತ್ತುಕೊಂಡು ಹೋದ ಜೀಪು ಮರುದಿನವೇ ತೋಟದಂಚಿನಲ್ಲಿ ಸಿಕ್ಕಿದ್ದರಿಂದ ತಾನು ಠಾಣೆಯ ಮೆಟ್ಟಿಲು ಹತ್ತಲೇ ಇಲ್ಲವೆಂದು ಒಬ್ಬರು ಹೇಳಿದರು. ಅಂಥವನ್ನು ಬೇರೆ ಹಾಳೆಯಲ್ಲಿ, ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.