ನಿಯಮ ಗೊತ್ತಿದ್ದರೂ ಬಾಯಿ ತಪ್ಪುತ್ತದೆಯೇ? ಹೀಗೆ ಬಿಡಿಸಿ

ಮನೆಮಾತು ಬೇರೆಯಾಗಿದ್ದು, ಕನ್ನಡ ಕಲಿತು ವರ್ಷಗಟ್ಟಲೆ ಮಾತಾಡಿದವರೂ ‘ನಾನು ಕನ್ನಡ ಗೊತ್ತು’ ಎನ್ನುವುದನ್ನು ಕೇಳಿರುತ್ತೀರಿ. ನಿಯಮ ಕೇಳಿ ನೋಡಿ, ‘ಗೊತ್ತು’, ‘ಬೇಕು’, ‘ಇಷ್ಟ’ ಬಂದಾಗ ‘ನನಗೆ’ ಅನ್ನಬೇಕು ಅಂತ ಸರಿಯಾಗಿಯೇ ಹೇಳುತ್ತಾರೆ. ಮಾತಿಗಿಳಿದರೆ ಮತ್ತೆ ‘ನಾನು’. ಇಂಥ ಜಡ್ಡುಗಟ್ಟಿದ ತಪ್ಪುಗಳ ಬಗ್ಗೆ ಭಾಷಾವಿಜ್ಞಾನಿ ಲ್ಯಾರಿ ಸೆಲಿಂಕರ್ 1972ರಲ್ಲೇ ಬರೆದರು, ಅದನ್ನು ಫಾಸಿಲೈಸೇಶನ್, ಅಂದರೆ ಪಳೆಯುಳಿಕೆಯಂತೆ ಗಟ್ಟಿಯಾಗುವುದು, ಎಂದು ಕರೆದರು.

ಅಂಥವರಿಗೆ ನೀವು ಕನ್ನಡ ಕಲಿಸುತ್ತಿದ್ದರೆ ಮೊದಲು ಒಂದು ಪರೀಕ್ಷೆ ಮಾಡಿ. ಅದೇ ವಾಕ್ಯವನ್ನು ನಿಧಾನವಾಗಿ ಬರೆಯಲು ಹೇಳಿ. ಬರೆಯುವಾಗಲೂ ತಪ್ಪಿದರೆ ಪಾಠ ಮಾಡಿ. ಬರೆಯುವಾಗ ಸರಿ, ಮಾತಲ್ಲಿ ಮಾತ್ರ ತಪ್ಪು ಅಂದರೆ ಅದು ಬಾಯಿಗೆ ಅಂಟಿದ ರೂಢಿ, ನಿಯಮವನ್ನು ಹತ್ತು ಸಲ ವಿವರಿಸಿದರೂ ಅದು ಹೋಗಲ್ಲ.

ಒಂದು ಸಲಕ್ಕೆ ಒಂದೇ ತಪ್ಪು ಹಿಡಿಯಿರಿ. ಉಳಿದವನ್ನು ಕೇಳಿಯೂ ಕೇಳದಂತೆ ಬಿಟ್ಟುಬಿಡಿ. ಕಷ್ಟ, ಆದರೆ ಬಿಡಲೇಬೇಕು, ಪ್ರತಿ ವಾಕ್ಯಕ್ಕೂ ತಡೆದರೆ ಅವರು ಮಾತಾಡುವುದನ್ನೇ ನಿಲ್ಲಿಸುತ್ತಾರೆ.

ಆಮೇಲೆ ಎರಡು ನಿಮಿಷ ಮಾತಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಅದನ್ನು ಅವರೇ ಕೇಳಿ, ಆಡಿದ ಮಾತನ್ನು ಆಡಿದ ಹಾಗೇ ಬರೆಯಲಿ, ತಪ್ಪಿಗೆ ಅವರೇ ಗೆರೆ ಎಳೆಯಲಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ‘ನಾನು ಹೀಗೆ ಅಂದೆನಾ?’ ಎಂದು ಅವರೇ ಬೆಚ್ಚಿಬೀಳುತ್ತಾರಲ್ಲ, ಅಲ್ಲಿಂದಲೇ ಕಿವಿ ಚುರುಕಾಗುತ್ತದೆ.

ಮಾತಿನ ನಡುವೆ ತಿದ್ದುವಾಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ‘ನಾನು ಕಾಫಿ ಬೇಕು’ ಅಂದರೆ ‘ಓ, ನಿಮಗೆ ಕಾಫಿ ಬೇಕಾ’ ಅಂತ ಸರಿ ರೂಪವನ್ನು ನಾವೇ ಹೇಳಿಬಿಡುತ್ತೇವೆ. ಅವರು ‘ಹೌದು’ ಅಂತ ಮುಂದೆ ಹೋಗುತ್ತಾರೆ, ತಿದ್ದಿದ್ದು ಕಿವಿಗೇ ಬಿದ್ದಿರಲ್ಲ. ಭಾಷಾ ಕಲಿಕೆಯ ಸಂಶೋಧಕರಾದ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಕೆನಡಾದ ಫ್ರೆಂಚ್ ತರಗತಿಗಳನ್ನು ಗಮನಿಸಿ 1997ರಲ್ಲಿ ಬರೆದದ್ದೂ ಇದನ್ನೇ: ಶಿಕ್ಷಕರು ಅತಿ ಹೆಚ್ಚು ಬಳಸಿದ್ದು ಈ ರೀತಿ, ಮಕ್ಕಳು ತಿದ್ದಿಕೊಂಡದ್ದು ಇದರಿಂದ ತೀರಾ ಕಡಿಮೆ. ಹಾಗಾಗಿ ಉತ್ತರ ಕೊಡಬೇಡಿ. ಸುಮ್ನೆ ನಿಲ್ಲಿ, ಹುಬ್ಬೇರಿಸಿ, ಇಲ್ಲವೇ ‘ಯಾರಿಗೆ ಬೇಕು?’ ಅಂತ ಕೇಳಿ. ಸರಿ ರೂಪ ಅವರ ಬಾಯಿಂದಲೇ ಬರಲಿ.

ಅರ್ಥವೇ ಬದಲಾಗುವ ಜೋಡಿಗಳನ್ನೂ ಕೊಡಿ. ‘ಅವಳು ಬೇಕು’, ‘ಅವಳಿಗೆ ಬೇಕು’. ಮೊದಲನೆಯದರಲ್ಲಿ ಬೇಕಾಗಿರುವುದೇ ಅವಳು! ‘ನಾನು ಓದಿದೆ, ನನಗೆ ಅರ್ಥವಾಯಿತು’ ಎಂಬಂಥ ವಾಕ್ಯಗಳನ್ನು ಅವರದೇ ದಿನಚರಿಯಿಂದ ಕಟ್ಟಿಸಿ, ಎರಡು ರೂಪವೂ ಒಂದೇ ಉಸಿರಲ್ಲಿ ಬರಬೇಕು.

ನಿಧಾನದಲ್ಲಿ ಸರಿಯಾದ ಮೇಲೆಯೇ ವೇಗ ಹೆಚ್ಚಿಸಿ. ಒಂದೇ ವಿಷಯವನ್ನು ಮೊದಲು 4 ನಿಮಿಷದಲ್ಲಿ, ಆಮೇಲೆ 3, ಕೊನೆಗೆ 2 ನಿಮಿಷದಲ್ಲಿ ಹೇಳಿಸಿ, ಸಾಧ್ಯವಾದರೆ ಪ್ರತಿ ಸಲ ಬೇರೆ ಬೇರೆಯವರಿಗೆ. ಅವಸರಪಟ್ಟು ಮೊದಲೇ ಇದನ್ನು ಮಾಡಿಸಿದರೆ ಹಳೆ ತಪ್ಪೇ ಇನ್ನಷ್ಟು ಗಟ್ಟಿಯಾಗುತ್ತದೆ.

ಸುಸ್ತಾದಾಗ, ಸಿಟ್ಟು ಬಂದಾಗ ಹಳೇದು ಮರಳಿ ಬರುತ್ತದೆ, ಗಾಬರಿ ಬೇಡ. ತಪ್ಪುಗಳನ್ನು ಎಣಿಸುವ ಬದಲು ‘ನಾನು... ಅಲ್ಲ, ನನಗೆ’ ಎಂದು ಅವರೇ ತಡೆದುಕೊಂಡ ಸಲಗಳನ್ನು ಎಣಿಸಿ, ವಾರದ ಕೊನೆಗೆ ಆ ಲೆಕ್ಕ ಅವರಿಗೆ ತೋರಿಸಿ.