ಪೈಪ್ ಗ್ಯಾಸಿನಲ್ಲಿ ದೋಸೆ ಕಾವಲಿ ಕಾಯಿಸಿದ ಕಥೆ

'ಪೈಪ್ ಗ್ಯಾಸಲ್ಲಿ ದೋಸೆ ಗರಿಗರಿ ಬರೂದಿಲ್ಲ ಸೇಠ್ರೇ' ಅಂತ ನಮ್ಮ ಹೋಟೆಲಿನ ಅಡುಗೆ ಭಟ್ಟರು ಹಟ ಹಿಡಿದಿದ್ದರು. ಮುಂಬೈ ಮಾಟುಂಗದ ಒಂದಿಬ್ಬರು ಹೋಟೆಲಿನವರೂ ನಕ್ಕಿದ್ದರು. ಈಗ ಅವರೇ ನಮ್ಮ ಭಟ್ಟಿ ನೋಡಲು ಬರುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತಿಂಗಳಿಗೆ 19 ಕಿಲೋದ 26-27 ಸಿಲಿಂಡರ್ ಖಾಲಿಯಾಗುತ್ತಿತ್ತು. ಅದರ ಬದಲು ಪೈಪಿನಲ್ಲಿ ನೈಸರ್ಗಿಕ ಗ್ಯಾಸ್ ಬಂದಾಗ ಒಬ್ಬ ಮಿಸ್ತ್ರಿ ಅದಕ್ಕೆ ತಕ್ಕ ಹೊಸ ಜೆಟ್ (ಬರ್ನರ್‌ಗೆ ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಮೂತಿ) ತರದೆ ಹಳೇದಕ್ಕೇ ಡ್ರಿಲ್ ಹಾಕಿದ. ಆರು ಸಾವಿರ ತಗೊಂಡ. ಬೆಂಕಿಯ ತುದಿ ಹಳದಿ, ಪಾತ್ರೆ ತಳಕ್ಕೆಲ್ಲ ಮಸಿ, ಮಧ್ಯಾಹ್ನಕ್ಕೆ ಹುಡುಗರಿಗೆ ತಲೆನೋವು. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಹುಟ್ಟುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಅದನ್ನು ಅಳೆಯುವ ಎರಡು ಎರಡೂವರೆ ಸಾವಿರದ ಮೀಟರ್ ತಂದಿಟ್ಟರೆ 70 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 70 ಪಾಲು) ಹತ್ತಿರ ತೋರಿಸಿತು!

ಜೆಟ್ ಕೆಲಸ ಲೈಸೆನ್ಸ್ ಇದ್ದ ಫಿಟ್ಟರ್‌ಗೆ ಕೊಟ್ಟೆ. ಗಾಳಿಯದ್ದು ನಾನೇ ಹಿಡಿದೆ. ಒಂದು ಪಾಲು ಗ್ಯಾಸಿಗೆ ಸುಮಾರು 10 ಪಾಲು ಗಾಳಿ ಬೇಕು. ಬರ್ನರ್‌ಗೆ ಗಾಳಿ ಬಿಡುವ ತಗಡು ಜಾಸ್ತಿ ತೆರೆದರೆ ಬೆಂಕಿ ಬುಸ್ಸೆಂದು ಬರ್ನರ್ ಬಿಟ್ಟು ಮೇಲೇಳುತ್ತದೆ. ಏಳಲು ಶುರುವಾದ ಜಾಗದಿಂದ ಸ್ವಲ್ಪವೇ ಹಿಂದಕ್ಕೆ ಸರಿಸಬೇಕು. ಆಮೇಲೆ ಹೊಳೆಯುವ ಸ್ಟೀಲ್ ತಟ್ಟೆ ಹಿಡಿದು ನೋಡಿ, ಮಸಿ ಹತ್ತಬಾರದು.

ಆದರೂ ಮೀಟರ್ ಪೂರ್ತಿ ಇಳಿಯಲಿಲ್ಲ. ಬೆಂಕಿಯ ನೀಲಿ ಮೊನೆ ಕಾವಲಿಗೇ ತಾಗಿ, ಉರಿದು ಮುಗಿಯುವ ಮೊದಲೇ ತಣ್ಣಗಾಗುತ್ತಿತ್ತು. ಕಾವಲಿ ಎತ್ತರಿಸಿದೆ. ಈಗ 10ರ ಒಳಗೇ ಇದೆ. ಎಷ್ಟು ಎತ್ತರಿಸಿದೆ ಅಂತ ಮಾತ್ರ ಕೇಳಬೇಡಿ, ಬಾವನಿಗೂ ಹೇಳಿಲ್ಲ.

ಮಳೆಗಾಲದಲ್ಲಿ ಅಡುಗೆಮನೆ ಗೋಡೆ ಬೆವರಿತು. ನೀರಿನ ಪೈಪ್ ಸೋರುತ್ತಿದೆ ಅಂತ ಪ್ಲಂಬರ್‌ನನ್ನೂ ಕರೆಸಿದ್ದಾಯಿತು. ಸೋರಿಕೆಯಲ್ಲ, ಗ್ಯಾಸ್ ಉರಿದೇ ಬಂದ ನೀರು. ಒಂದು ಘನ ಮೀಟರ್ ಉರಿದರೆ ಒಂದೂವರೆ ಲೀಟರಿನಷ್ಟು ನೀರು ಆವಿಯಾಗಿ ಬರುತ್ತದೆ. ನಮ್ಮ ಖರ್ಚು ದಿನಕ್ಕೆ 20-22 ಘನ ಮೀಟರ್. ಅಂದರೆ 30 ಲೀಟರ್, ಇಡ್ಲಿಯ ಹಬೆ ಬಿಟ್ಟು! ಅಷ್ಟೇ ಕಾವಿಗೆ ಸಿಲಿಂಡರ್ ಗ್ಯಾಸು ಇದಕ್ಕಿಂತ ಕಮ್ಮಿ ನೀರು ಬಿಡುತ್ತದೆ. ದೊಡ್ಡ ಎಕ್ಸಾಸ್ಟ್ ಫ್ಯಾನಿಗೆ 18 ಸಾವಿರ ಹೋಯಿತು. ಗ್ಯಾಸ್ ಖರ್ಚಿನಲ್ಲಿ ತಿಂಗಳಿಗೆ 8-10 ಸಾವಿರ ಉಳಿಯುತ್ತಿರುವುದರಿಂದ ಎರಡೇ ತಿಂಗಳಲ್ಲಿ ಅಸಲು ಬಂತು.

ಇನ್ನೊಂದು. ಸಾರು ಉಕ್ಕಿದಾಗ ಬೆಂಕಿ ಕಿತ್ತಳೆಯಾದರೆ ಗಾಬರಿಯಾಗಿ ಗಾಳಿ ತಗಡು ತಿರುಗಿಸಬೇಡಿ. ಅದು ಉಪ್ಪಿನ ಸೋಡಿಯಂ ಬಣ್ಣ. ಉಪ್ಪುನೀರು ಚಿಮುಕಿಸಿ ನೋಡಿದೆ, ಅದೇ ಬಣ್ಣ. ಭಟ್ಟಿ ಆರಿದ ಮೇಲೆ ಬರ್ನರ್ ತೊಳೆದು ಒಣಗಿಸಿದರೆ ಸರಿ ಹೋಗುತ್ತದೆ.