ಪರದೇಶಕ್ಕೆ ಹೋಗುವ ಯೋಚನೆಯೇ? ಗಡಿನಾಡಿನವರ ತಯಾರಿ ಹೀಗಿರಲಿ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಕನ್ನಡದ ಮನೆಗಳಿಗೆ ಗಲ್ಫ್ ಹೊಸದಲ್ಲ. ಈಗ ಹೊರಡುತ್ತಿರುವವರು ಮಾತ್ರ ಬೇರೆ. ಮಂಗಳೂರಿನಲ್ಲಿ ನರ್ಸಿಂಗ್, ಎಂಜಿನಿಯರಿಂಗ್, ಬಿಕಾಂ ಓದಿ, ಬೆಂಗಳೂರಲ್ಲೋ ಕೊಚ್ಚಿಯಲ್ಲೋ ನಾಲ್ಕೈದು ವರ್ಷ ದುಡಿದ ಹುಡುಗ ಹುಡುಗಿಯರು ತಮ್ಮ ಕೆಲಸಕ್ಕೂ ಸ್ವಭಾವಕ್ಕೂ ಹೊಂದುವ ಜಾಗ ಹುಡುಕಿಕೊಂಡು ಜರ್ಮನಿ, ಕೆನಡಾ, ಆಸ್ಟ್ರೇಲಿಯಾ ಅನ್ನುತ್ತಿದ್ದಾರೆ. ಅವರಿಗೆ ಹೇಳಬೇಕಾದ್ದು ಮುಖ್ಯವಾಗಿ ಎರಡು. ದೇಶ ಆರಿಸುವ ಕೆಲಸವನ್ನು ಏಜೆಂಟರ ಕೈಗೆ ಕೊಡಬೇಡಿ. ಕಾಗದಪತ್ರದ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಗಡಿನಾಡಿನವರಾದ ನಮ್ಮ ದಾಖಲೆಗಳು ಕೇರಳ, ಕರ್ನಾಟಕ ಎರಡು ರಾಜ್ಯಗಳಲ್ಲಿ ಹಂಚಿಹೋಗಿರುತ್ತವೆ. ಹೊರಡಬೇಕು ಅಂದುಕೊಂಡ ಸಮಯಕ್ಕಿಂತ ಒಂದೂವರೆ ಎರಡು ವರ್ಷ ಮೊದಲೇ ಶುರು ಮಾಡಿದರೆ ಒಳ್ಳೆಯದು.

ಬೇಸರ ಯಾವುದರ ಮೇಲೆ?

ಒಂದು ಹಾಳೆ ತಗೊಂಡು, ಈಗಿನ ಬದುಕಿನಲ್ಲಿ ಏನು ಹೊಂದುತ್ತಿಲ್ಲ ಅಂತ ಬರೆಯಿರಿ. ಮೇಲಧಿಕಾರಿಯ ಕಾಟ ಮಾತ್ರ ಕಾರಣವಾದರೆ ಕಂಪನಿ ಬದಲಿಸಿದರೆ ಸಾಕು. ಬೆಂಗಳೂರಿನ ಟ್ರಾಫಿಕ್ಕು, ಬಾಡಿಗೆ ಸಾಕಾಗಿದ್ದರೆ ಮಂಗಳೂರಿನಲ್ಲೋ ಕೊಚ್ಚಿಯಲ್ಲೋ ಕೆಲಸ ಹುಡುಕಿ ನೋಡಿ. ಅದರ ಬದಲು, ನರ್ಸ್ ಆಗಿ ವರ್ಷಗಟ್ಟಲೆ ದುಡಿದರೂ ಸಂಬಳ ಏರುತ್ತಿಲ್ಲ, ರಾತ್ರಿ ಪಾಳಿಯಲ್ಲಿ ಒಬ್ಬರೇ ಇಡೀ ವಾರ್ಡು ನೋಡಬೇಕು ಅನ್ನುವಂತಿದ್ದರೆ ದೇಶ ಬಿಡುವ ಯೋಚನೆಗೆ ಗಟ್ಟಿ ಕಾರಣ ಇದೆ. ಕಲಿತ ವಿದ್ಯೆಗೆ ಬೇಕಾದ ಲ್ಯಾಬು, ಕಾರ್ಖಾನೆ ಇಲ್ಲಿ ಇಲ್ಲವೇ ಇಲ್ಲ ಅಂತಾದರೂ ಹಾಗೆಯೇ.

ಹಾಳೆಯ ಹಿಂಬದಿಯಲ್ಲಿ, ಏನನ್ನು ಬಿಟ್ಟುಕೊಡಲಾರೆ ಅಂತ ಬರೆಯಿರಿ. ಅಮ್ಮನಿಗೆ ಹುಷಾರಿಲ್ಲ ಅಂದ್ರೆ ಮರುದಿನ ಮನೆಯಲ್ಲಿರಬೇಕು ಅನ್ನುವವರಿಗೆ ಕೊಲ್ಲಿ ದೇಶಗಳೇ ಅನುಕೂಲ. ಮಂಗಳೂರಿನಿಂದಲೂ ಕಣ್ಣೂರಿನಿಂದಲೂ ನೇರ ವಿಮಾನ ಇದೆ. ಕೆನಡಾದಿಂದ ಅದು ಆಗುವ ಮಾತಲ್ಲ. ಮಕ್ಕಳು ಅಲ್ಲೇ ಬೆಳೆಯಬೇಕು, ಕಾಯಂ ಆಗಿ ನೆಲೆಸಬೇಕು ಅನ್ನುವವರಿಗೆ ಕೊಲ್ಲಿ ದೇಶ ಹೊಂದುವುದಿಲ್ಲ, ಯಾಕೆಂದರೆ ಅಲ್ಲಿ ವಾಸದ ಪರವಾನಗಿ ಹೆಚ್ಚಾಗಿ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ಮದುವೆಯಾಗಿದ್ದರೆ ಈ ಹಾಳೆಯನ್ನು ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಬರೆದು, ಆಮೇಲೆ ಹೋಲಿಸಿ ನೋಡಿ. ಒಬ್ಬರಿಗೆ ಒಳ್ಳೆಯ ಕೆಲಸ ಸಿಕ್ಕಿ ಇನ್ನೊಬ್ಬರು ವರ್ಷಗಟ್ಟಲೆ ಮನೆಯಲ್ಲೇ ಕೂರುವ ಹಾಗಾದರೆ ಆ ದೇಶ ನಿಮ್ಮ ಸಂಸಾರಕ್ಕೆ ಹೊಂದಿದಂತಾಗಲಿಲ್ಲ.

ಯಾವ ದೇಶ?

ಜರ್ಮನಿಯಲ್ಲಿ ಪದವಿ ಇರುವವರಿಗೆ ಬ್ಲೂ ಕಾರ್ಡ್ ಅನ್ನುವ ಕೆಲಸ ಮತ್ತು ವಾಸದ ಪರವಾನಗಿ ಇದೆ. ಅದಕ್ಕೆ ಕೆಲಸದ ಆಫರ್ ಕೈಯಲ್ಲಿರಬೇಕು. 2025ರ ಲೆಕ್ಕದಲ್ಲಿ ವಾರ್ಷಿಕ ಸಂಬಳ ಕನಿಷ್ಠ 48,300 ಯೂರೋ ಇರಬೇಕಿತ್ತು. ಜನ ಸಾಲದೆ ಇರುವ ಕೆಲಸಗಳಿಗೆ ಈ ಮಿತಿ ಇನ್ನೂ ಕಡಿಮೆ. ತೆರಿಗೆ, ವಿಮೆ ಎಲ್ಲ ಸೇರಿ ಒಂಟಿ ಉದ್ಯೋಗಿಯ ಸಂಬಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿತವಾಗುತ್ತದೆ, ಇದನ್ನು ಮೊದಲೇ ಲೆಕ್ಕ ಹಾಕಿ. ಬ್ಲೂ ಕಾರ್ಡ್ ಇದ್ದವರಿಗೆ ಜರ್ಮನ್ ಭಾಷೆ ಬಿ1 ಮಟ್ಟಕ್ಕೆ (ಎ1, ಎ2 ಆದ ಮೇಲಿನ ಮೂರನೇ ಹಂತ) ಬಂದಿದ್ದರೆ 21 ತಿಂಗಳಲ್ಲಿ ಕಾಯಂ ವಾಸದ ಪರವಾನಗಿ ಕೇಳಬಹುದು. ಆಫರ್ ಇಲ್ಲದೆಯೂ ಹೋಗಿ ಕೆಲಸ ಹುಡುಕಲು 2024ರ ಜೂನ್‌ನಿಂದ ‘ಆಪರ್ಚುನಿಟಿ ಕಾರ್ಡ್’ ಬಂದಿದೆ. ಅದಕ್ಕೆ ಖರ್ಚಿನ ಹಣ ತೋರಿಸಬೇಕು, 2025ರಲ್ಲಿ ತಿಂಗಳಿಗೆ 1,091 ಯೂರೋ ಲೆಕ್ಕದಲ್ಲಿ. ಉಳಿತಾಯ ಇರುವವರಿಗೆ ಮಾತ್ರ ಇದು ಸರಿ. ಸಾಲ ಮಾಡಿ ಹೋಗಿ ಕೆಲಸ ಹುಡುಕುವುದು ಬೇಡವೇ ಬೇಡ.

ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ ಅಂಕಗಳ ಲೆಕ್ಕ. ವಯಸ್ಸು, ಓದು, ಅನುಭವ, ಇಂಗ್ಲಿಷ್ ಎಲ್ಲಕ್ಕೂ ಅಂಕ. ಕಾಯಂ ವಾಸಕ್ಕೆ ಅರ್ಜಿ ಹಾಕುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ 20ರಿಂದ 29 ವಯಸ್ಸಿನವರಿಗೆ ವಯಸ್ಸಿನ ಪೂರ್ತಿ ಅಂಕ, 30 ಆದ ಮೇಲೆ ವರ್ಷವರ್ಷ ಇಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ 25ರಿಂದ 32ರ ಒಳಗಿನವರಿಗೆ ಜಾಸ್ತಿ ಅಂಕ, ಕನಿಷ್ಠ 65 ಅಂಕ ಆಗಲೇಬೇಕು. 65 ಆದರೆ ಅರ್ಜಿಗೆ ಅರ್ಹರು ಅಂತ ಅಷ್ಟೇ ಅರ್ಥ. ಅರ್ಜಿ ಹಾಕಿ ಅನ್ನುವ ಕರೆ ಸರ್ಕಾರದಿಂದ ಬರಬೇಕಾದರೆ ಅದಕ್ಕಿಂತ ಮೇಲಿರಬೇಕಾಗುತ್ತದೆ. ಇನ್ನೊಂದು ವಿಷಯ. ಕೆನಡಾದಲ್ಲಿ ಕೆಲಸದ ಆಫರ್‌ಗೆ ಕೊಡುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚ್‌ನಲ್ಲಿ ತೆಗೆದುಹಾಕಿದ್ದಾರೆ. ಅಂಕ ಹೆಚ್ಚಿಸುವ ಆಫರ್ ಲೆಟರ್ ಕೊಡಿಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಬ್ರಿಟನ್ ಈಗ ಬಿಗಿಯಾಗಿದೆ. 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ಸಂಬಳ ಮಿತಿ 41,700 ಪೌಂಡಿಗೆ ಏರಿತು. ಅದೇ ದಿನ, ವೃದ್ಧರ ಆರೈಕೆಯ ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವುದನ್ನೂ ನಿಲ್ಲಿಸಿದರು. ಆ ವೀಸಾ ಕೊಡಿಸುತ್ತೇವೆ ಅನ್ನುವ ಜಾಹೀರಾತು ಕಂಡರೆ ನಂಬಬೇಡಿ. ಅಮೆರಿಕದ ಎಚ್-1ಬಿ ಅನ್ನುವ ಕೆಲಸದ ವೀಸಾ ವರ್ಷಕ್ಕೆ 85,000, ಅದೂ ಲಾಟರಿ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕವನ್ನೂ ಹೇರಿದರು. ಹೊಸದಾಗಿ ಹೊರಡುವವರ ಪಟ್ಟಿಯಲ್ಲಿ ಅಮೆರಿಕ ಕೊನೆಗಿರಲಿ.

ಈ ಅಂಕಿಗಳೆಲ್ಲ ಬದಲಾಗುತ್ತಾ ಇರುತ್ತವೆ. ಅರ್ಜಿ ಹಾಕುವ ಮೊದಲು ಆಯಾ ಸರ್ಕಾರದ ವೆಬ್‌ಸೈಟನ್ನೇ ತೆರೆದು ನೋಡಿ. ಯೂಟ್ಯೂಬ್ ವಿಡಿಯೊ ಸಾಲದು.

ನಿಮ್ಮ ಪದವಿಯನ್ನು ಅಲ್ಲಿ ಒಪ್ಪುತ್ತಾರಾ?

ದೇಶ ಒಪ್ಪಿಕೊಂಡ ಮಾತ್ರಕ್ಕೆ ವೃತ್ತಿಯೂ ಒಪ್ಪಿಕೊಳ್ಳುತ್ತದೆ ಅಂತಿಲ್ಲ. ಜರ್ಮನಿಗೆ ಹೋಗುವವರು ‘ಅನಾಬಿನ್’ ಅನ್ನುವ ಅಲ್ಲಿನ ಸರ್ಕಾರಿ ಪಟ್ಟಿಯಲ್ಲಿ ತಮ್ಮ ವಿಶ್ವವಿದ್ಯಾಲಯ, ಪದವಿ ಎರಡೂ ಇವೆಯಾ ಅಂತ ನೋಡಬೇಕು. ಕೆನಡಾಕ್ಕೆ ಪದವಿಯ ಮೌಲ್ಯಮಾಪನ ವರದಿ ಬೇಕು. ಆಸ್ಟ್ರೇಲಿಯಾಕ್ಕೆ ವೃತ್ತಿಗೊಂದು ಸಂಸ್ಥೆ, ಸಾಫ್ಟ್‌ವೇರ್‌ನವರಿಗೆ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ, ಎಂಜಿನಿಯರುಗಳಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾ.

ನರ್ಸುಗಳು ಒಂದು ವಿಷಯ ಗಮನಿಸಬೇಕು. ಮಂಗಳೂರಿನಲ್ಲಿ ಓದಿದ ನಮ್ಮ ಕಡೆಯ ಹೆಚ್ಚಿನವರ ನೋಂದಣಿ ಇರುವುದು ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಲ್ಲಿ. ನೋಂದಣಿ ಸರಿಯಾಗಿದೆ, ದೂರುಗಳಿಲ್ಲ ಅನ್ನುವ ‘ಗುಡ್ ಸ್ಟ್ಯಾಂಡಿಂಗ್’ ಪ್ರಮಾಣಪತ್ರ ನೋಂದಣಿ ಇರುವ ಕೌನ್ಸಿಲ್‌ನಿಂದಲೇ ಬರಬೇಕು. ಆಮೇಲೆ ಕೇರಳದಲ್ಲೂ ನೋಂದಾಯಿಸಿಕೊಂಡು ಕೆಲಸ ಮಾಡಿದ್ದರೆ ಎರಡೂ ಕಡೆಯ ಪತ್ರ ಕೇಳಬಹುದು. ನೋಂದಣಿ ನವೀಕರಣ ಬಾಕಿ ಇದ್ದರೆ ಈಗಲೇ ಮುಗಿಸಿಕೊಳ್ಳಿ.

ಎರಡು ರಾಜ್ಯದ ಕಾಗದಗಳು

ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವ ಹೆಜ್ಜೆ ಇದು. ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಮನೆ ಪೆರ್ಲದ ಹತ್ತಿರ. ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ, ಹಾಗಾಗಿ ಜನನ ಪ್ರಮಾಣಪತ್ರ ಕರ್ನಾಟಕದ್ದು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಎಸ್‌ಎಸ್‌ಎಲ್‌ಸಿ ಪುಸ್ತಕ ಕೇರಳದ್ದು. ಪದವಿ ಮತ್ತೆ ಕರ್ನಾಟಕದ್ದು. ರೇಶನ್ ಕಾರ್ಡು, ಆಧಾರ್ ವಿಳಾಸ ಕೇರಳದ್ದು. ಕೆಲಸ ಬೆಂಗಳೂರಲ್ಲಿ.

ಅವಳ ಹೆಸರು ‘ಶ್ರೀ’ಯಿಂದ ಶುರುವಾಗುತ್ತದೆ ಅಂತಿಟ್ಟುಕೊಳ್ಳಿ. ಕೇರಳದ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಅದನ್ನು ಎಸ್-ಆರ್-ಇ-ಇ ಅಂತ ಬರೆದಿದ್ದಾರೆ. ಮಂಗಳೂರಿನ ಕಾಲೇಜಿನಲ್ಲಿ ಎಸ್-ಎಚ್-ಆರ್-ಐ ಆಗಿದೆ. ಒಂದರಲ್ಲಿ ಇನಿಶಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ತಂದೆಯ ಹೆಸರು ಬಂದಿದೆ. ಊರಿನಲ್ಲಿ ಯಾರಿಗೂ ಇದರಿಂದ ತೊಂದರೆ ಆಗಿರಲಿಲ್ಲ. ಆದರೆ ವೀಸಾ ಕಚೇರಿಯವರ ಕಣ್ಣಿಗೆ ಇವರು ಮೂವರು ಬೇರೆ ಬೇರೆ ಹುಡುಗಿಯರು!

ಹಾಗಾಗಿ ಎಲ್ಲ ಕಾಗದಗಳನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಹರಡಿ, ಹೆಸರು, ಹುಟ್ಟಿದ ದಿನ, ತಂದೆ ತಾಯಿಯ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ಸಣ್ಣ ವ್ಯತ್ಯಾಸವಾದರೆ ಇಬ್ಬರೂ ಒಬ್ಬರೇ ಅನ್ನುವ ‘ವನ್ ಆಂಡ್ ಸೇಮ್’ ಪ್ರಮಾಣಪತ್ರವನ್ನು ವಿಲೇಜ್ ಆಫೀಸಿನಿಂದ ಪಡೆಯಬಹುದು. ಕೇರಳ ಸರ್ಕಾರದ ಆನ್‌ಲೈನ್ ಸೇವೆಗಳು ಸಿಗುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿದರಾಯಿತು. ಎಸ್‌ಎಸ್‌ಎಲ್‌ಸಿಯಲ್ಲೇ ತಪ್ಪಿದ್ದರೆ ಅದು ತಿರುವನಂತಪುರದ ಪರೀಕ್ಷಾ ಭವನದ ಕೆಲಸ. ಪದವಿಯಲ್ಲಿ ತಪ್ಪಿದ್ದರೆ ಆಯಾ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಸರ್‌ನೇಮ್ ಖಾಲಿ ಇದ್ದರೆ ಅದನ್ನೂ ಸರಿಮಾಡಿಸಿ. 2022ರ ನವೆಂಬರ್‌ನಿಂದ ಯುಎಇ ಅಂಥ ಪಾಸ್‌ಪೋರ್ಟಿನ ಮೇಲೆ ವಿಸಿಟ್ ವೀಸಾ ಕೊಡುವುದನ್ನು ನಿಲ್ಲಿಸಿದೆ.

ಆಮೇಲೆ ಅಟೆಸ್ಟೇಶನ್, ಅಂದರೆ ಸರ್ಟಿಫಿಕೇಟು ಅಸಲಿ ಅಂತ ಸರ್ಕಾರದ ಮುದ್ರೆ ಹಾಕಿಸುವುದು. ಸರ್ಟಿಫಿಕೇಟ್ ಯಾವ ರಾಜ್ಯದ್ದೋ ಆ ರಾಜ್ಯದ ಮುದ್ರೆ ಮೊದಲು ಬೀಳಬೇಕು. ಕೇರಳದ ಸರ್ಟಿಫಿಕೇಟುಗಳಿಗೆ, ಅನಿವಾಸಿ ಕೇರಳೀಯರಿಗಾಗಿ ಇರುವ ಸರ್ಕಾರಿ ಸಂಸ್ಥೆ ನೋರ್ಕಾ ರೂಟ್ಸ್‌ನ ಕಲ್ಲಿಕೋಟೆ ಕೇಂದ್ರ ಇದೆ. ಕರ್ನಾಟಕದ ಪದವಿಗೆ ಬೆಂಗಳೂರಿನಲ್ಲಿ ಆಗಬೇಕು. ನಂತರ ವಿದೇಶಾಂಗ ಸಚಿವಾಲಯದ್ದು. ಒಬ್ಬರ ದಾಖಲೆಯನ್ನು ಇನ್ನೊಬ್ಬರು ಒಂದೇ ಮುದ್ರೆಯ ಮೇಲೆ ಒಪ್ಪುವ ಹೇಗ್ ಒಪ್ಪಂದದಲ್ಲಿರುವ ದೇಶಗಳಿಗೆ ಸಚಿವಾಲಯದ ‘ಅಪೊಸ್ಟಿಲ್’ ಮುದ್ರೆ ಸಾಕು. ಯುಎಇ, ಕತಾರ್, ಕುವೈತ್‌ಗಳಿಗೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಜರ್ಮನಿ ಒಪ್ಪಂದದಲ್ಲಿದ್ದರೂ ಭಾರತದ ಅಪೊಸ್ಟಿಲನ್ನು ಒಪ್ಪುವುದಿಲ್ಲ. ಅಲ್ಲಿಗೆ ಹೋಗುವವರು ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲೇ ಅರ್ಜಿ. ಮೊದಲು ಗಲ್ಫಿನಲ್ಲಿ ದುಡಿದು ಬಂದವರು ಅಲ್ಲಿನ ಪೊಲೀಸ್ ಪತ್ರವನ್ನೂ ತರಿಸಿಕೊಳ್ಳಬೇಕಾಗುತ್ತದೆ. ಆ ದೇಶದಲ್ಲಿ ಇರುವಾಗಲೇ ಮಾಡಿಸಿಕೊಂಡರೆ ಸುಲಭ.

ಅನುಭವದ ಪತ್ರದ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಕೆಲಸ ಮಾಡಿದ್ದಾರೆ ಅನ್ನುವ ಎರಡು ಸಾಲು ಕೆನಡಾಕ್ಕೆ ಸಾಲದು. ಹುದ್ದೆ, ಮಾಡಿದ ಕೆಲಸಗಳು, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಲ್ಲ ಇರಬೇಕು, ಕಂಪನಿಯ ಲೆಟರ್‌ಹೆಡ್‌ನಲ್ಲಿ. ರಾಜೀನಾಮೆ ಕೊಡುವ ಮೊದಲೇ ಕೇಳಿ ಬರೆಸಿಕೊಳ್ಳಿ. ಬಿಟ್ಟು ಬಂದ ಮೇಲೆ ಎಚ್‌ಆರ್‌ನವರ ಹಿಂದೆ ಅಲೆಯುವುದು ಕಷ್ಟ ಅಲ್ವಾ.

ಭಾಷೆ

ನಮ್ಮದು ಸಪ್ತಭಾಷಾ ಸಂಗಮ ಭೂಮಿ. ಮನೆಯಲ್ಲಿ ಹವ್ಯಕವೋ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಆಫೀಸಿನಲ್ಲಿ ಇಂಗ್ಲಿಷ್ ಆಡುವ ಹುಡುಗರು ಜರ್ಮನ್‌ಗೆ ಹೆದರಬೇಕಾಗಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದೆ ಅನ್ನುವ ಅಳುಕೂ ಬೇಡ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ನಮ್ಮವರು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಬರವಣಿಗೆಯಲ್ಲಿ. ದಿನಾ ಅರ್ಧ ಗಂಟೆ ಬರೆದು, ತಿಳಿದವರಿಂದ ತಿದ್ದಿಸಿಕೊಳ್ಳಿ. ಫಲಿತಾಂಶ ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುವುದರಿಂದ ತೀರಾ ಮೊದಲೇ ಬರೆಯುವುದೂ ಬೇಡ. ಜರ್ಮನ್ ಕಲಿಯುವವರು ಕೆಲಸ ಇಂಗ್ಲಿಷಿನಲ್ಲೇ ಇದ್ದರೂ ಎ2ವರೆಗಾದರೂ ಇಲ್ಲೇ ಕಲಿತು ಹೋಗಿ. ಬಾಡಿಗೆ ಮನೆ, ಡಾಕ್ಟರು, ಸರ್ಕಾರಿ ಕಚೇರಿ ಎಲ್ಲ ಕಡೆ ಅದು ಬೇಕು.

ಹಣ ಮತ್ತು ಏಜೆಂಟರು

ವಿದೇಶದ ಉದ್ಯೋಗಕ್ಕೆ ಜನರನ್ನು ಕಳಿಸುವ ಏಜೆಂಟರಿಗೆ 1983ರ ವಲಸೆ ಕಾಯಿದೆಯ ಪ್ರಕಾರ ಕೇಂದ್ರ ಸರ್ಕಾರದ ಲೈಸೆನ್ಸ್ ಇರಬೇಕು. ಕೇಂದ್ರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ಇದೆಯಾ ಅಂತ ಗೊತ್ತಾಗುತ್ತದೆ. ಅವರು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಅದು ಕಾನೂನಿಗೆ ವಿರುದ್ಧ. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸದ ವೀಸಾ ಮಾಡಿಸೋಣ ಅನ್ನುವವರನ್ನೂ ದೂರವಿಡಿ.

ಕೇರಳದ ವಿಳಾಸ ಇರುವ ನಮಗೆ ಇಲ್ಲೊಂದು ಅನುಕೂಲ ಇದೆ. ನೋರ್ಕಾ ರೂಟ್ಸ್, ಒಡೆಪೆಕ್ ಎರಡೂ ಕೇರಳ ಸರ್ಕಾರದ ಸಂಸ್ಥೆಗಳು, ನೇರವಾಗಿ ನೇಮಕಾತಿ ನಡೆಸುತ್ತವೆ. ನೋರ್ಕಾದ ‘ಟ್ರಿಪಲ್ ವಿನ್’ ಯೋಜನೆಯಲ್ಲಿ ನರ್ಸುಗಳಿಗೆ ಜರ್ಮನ್ ಕಲಿಸಿ ಜರ್ಮನಿಗೆ ಕಳಿಸುತ್ತಾರೆ, ನೇಮಕಾತಿಗೆ ಅವರಿಂದ ಶುಲ್ಕ ಪಡೆಯುವುದಿಲ್ಲ. ಪ್ರಕಟಣೆಗಳು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬರುವುದರಿಂದ ನಮ್ಮ ಕನ್ನಡದ ಮನೆಗಳಿಗೆ ಸುದ್ದಿ ಸರಿಯಾಗಿ ತಲುಪುತ್ತಿಲ್ಲ ಅನ್ನುವುದು ನನಗೆ ಬೇಸರದ ವಿಷಯ. ಅವರ ವೆಬ್‌ಸೈಟನ್ನು ವಾರಕ್ಕೊಮ್ಮೆ ನೀವೇ ತೆರೆದು ನೋಡಿ.

ಟಿಕೆಟ್, ವೀಸಾ ಶುಲ್ಕ, ಪರೀಕ್ಷೆಗಳ ಶುಲ್ಕ ಅಲ್ಲದೆ ಅಲ್ಲಿ ಸಂಬಳ ಕೈಗೆ ಬರುವವರೆಗಿನ ಮೂರು ತಿಂಗಳ ಖರ್ಚು, ಮನೆಯ ಮುಂಗಡ ಬೇರೆಯಾಗಿ ಎತ್ತಿಡಿ. ಅಡಿಕೆ ತೋಟ ಅಡವಿಟ್ಟು ಹೋಗುವ ಯೋಚನೆ ಇದ್ದರೆ ಒಂದು ವರ್ಷ ತಡವಾದರೂ ಪರವಾಗಿಲ್ಲ, ಉಳಿತಾಯ ಮಾಡಿಯೇ ಹೋಗಿ. ಸಾಲದ ಕಂತಿಗಾಗಿ ಸಿಕ್ಕಿದ ಕೆಲಸಕ್ಕೆ ಸೇರಿಕೊಂಡವರಿಗೆ ತಮಗೆ ಹೊಂದುವ ಕೆಲಸ ಹುಡುಕಲು ಪುರುಸೊತ್ತೇ ಇರುವುದಿಲ್ಲ.

ಹೊರಡುವ ಮುನ್ನ

ಕೆಲಸಕ್ಕೆಂದು ವಿದೇಶಕ್ಕೆ ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅನಿವಾಸಿಯಾದ ಮೇಲೆ ಕೃಷಿ ಭೂಮಿ, ತೋಟ ಖರೀದಿಸುವಂತಿಲ್ಲ. ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದದ್ದನ್ನು ಪಡೆಯಬಹುದು. ಪಕ್ಕದ ಜಾಗವನ್ನು ನಿಮ್ಮ ಹೆಸರಿಗೆ ಮಾಡಿಸಬೇಕು ಅಂತ ಅಪ್ಪನ ಮನಸ್ಸಿನಲ್ಲಿದ್ದರೆ ಆ ನೋಂದಣಿ ನೀವು ಹೊರಡುವ ಮೊದಲೇ ಮುಗಿಯಲಿ. ಮನೆಯ ವ್ಯವಹಾರ ನೋಡಿಕೊಳ್ಳಲು ತಂಗಿಗೋ ಅಣ್ಣನಿಗೋ ಮುಕ್ತಿಯಾರ್ ಪತ್ರ ಕೊಡುವುದಿದ್ದರೆ, ಯಾವ ಕೆಲಸಕ್ಕೆ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆಸಿ.

ಅಲ್ಲಿ ಸೇರಿದ ಮೇಲೆ ಕೇರಳದ ಪ್ರವಾಸಿ (ಅಂದರೆ ಅನಿವಾಸಿ) ಕ್ಷೇಮ ಮಂಡಳಿಯ ಸದಸ್ಯರಾಗಿ. 18ರಿಂದ 60 ವಯಸ್ಸಿನವರು ಸೇರಬಹುದು, ತಿಂಗಳ ವಂತಿಗೆ ಕಟ್ಟಿದರೆ ಮುಂದೆ ಪಿಂಚಣಿ ಇದೆ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು.